ಟೈಗರಿನ ಮೂಗು

೧೯೭೮ರ ಮಾರ್ಚ್ ಹದಿನಾಲ್ಕು. ಬೆಳಿಗ್ಗೆಯೇ ಸುಡುಬಿಸಿಲು. ತಾಲ್ಲೂಕು ಕೋರ್ಟು ಕಿಕ್ಕಿರಿದಿತ್ತು. ಕಟಕಟೆಯಲ್ಲಿ ಅಗಸರ ಮಾಚಯ್ಯ ನಿಂತಿದ್ದ. ಬಂಗಾರದಂಗಡಿಗೆ ಕನ್ನ ಹಾಕಿದನೆಂದು ಆರೋಪ. ಸಾಕ್ಷ್ಯ ಒಂದೇ: ಕಳ್ಳ ಬಿಟ್ಟುಹೋದ ಟವೆಲು ಮೂಸಿದ ಪೊಲೀಸ್ ನಾಯಿ ಟೈಗರ್, ನೇರವಾಗಿ ಮಾಚಯ್ಯನ ಮನೆಗೆ ಹೋಗಿ ಕೂತಿತ್ತು.

“ಟೈಗರ್ ಮೂಗು ಈವರೆಗೆ ತಪ್ಪಿಲ್ಲ ಸ್ವಾಮಿ!” ಇನ್ಸ್‌ಪೆಕ್ಟರು ಪೊಲೀಸಿನವನೊಬ್ಬ ಹಿಡಿದು ನಿಂತಿದ್ದ ನಾಯಿಯನ್ನು ತೋರಿಸಿ ಮೀಸೆ ತಿರುವಿದರು. ಜೈಲು ಖಾತ್ರಿ ಎಂದು ಜನ ಪಿಸುಗುಟ್ಟಿದರು.

ಮಾಚಯ್ಯನ ಹೆಂಡತಿ ಹೊನ್ನಮ್ಮ ಜನರ ನಡುವೆ ಕೂತಿದ್ದಳು. ವಕೀಲರನ್ನಿಡುವ ಶಕ್ತಿ ಅವರಿಗಿರಲಿಲ್ಲ. ತಾನೇ ಎದ್ದು ನಿಂತಳು.

“ಬುದ್ಧೀ, ನಿಮ್ಮ ಜೇಬಿನ ಕರವಸ್ತ್ರಾನ ಆ ನಾಯಿಗೆ ಮೂಸಿಸಿ ನೋಡಿ.”

“ನನ್ನದನ್ನೇ?” ನ್ಯಾಯಾಧೀಶರಿಗೆ ಕುತೂಹಲ ಹುಟ್ಟಿತು. ಮಡಿಕೆ ಬಿಚ್ಚದೆ ತೆಗೆದುಕೊಟ್ಟರು.

ಟೈಗರ್ ಮೂಸಿತು. ಪೀಠದ ಕಡೆ ತಿರುಗಿಯೂ ನೋಡಲಿಲ್ಲ. ಬಾಲ ಅಲ್ಲಾಡಿಸುತ್ತ ಓಡಿಹೋಗಿ ಮಾಚಯ್ಯನ ಕಾಲ ಬಳಿ ಕೂತುಬಿಟ್ಟಿತು!

“ಇದನ್ನೂ ಇವರೇ ಕದ್ದರಾ ಸಾಹೇಬ್ರೇ?” ಇನ್ಸ್‌ಪೆಕ್ಟರ ಕಡೆ ತಿರುಗಿ ಹೊನ್ನಮ್ಮ ದನಿ ಏರಿಸಿದಳು. “ಊರ ಬಟ್ಟೆಯೆಲ್ಲ ಒಗೆದು ಇಸ್ತ್ರಿ ಮಾಡೋದು ನಾವೇ. ಆ ಟವೆಲೂ ಅಷ್ಟೆ. ನಿಮ್ಮ ಚಡ್ಡಿ ಮೂಸಿಸಿದರೂ ಇದು ಇಲ್ಲಿಗೇ ಬರುತ್ತೆ. ನೋಡೇಬಿಡೋಣವಾ?”

ಇನ್ಸ್‌ಪೆಕ್ಟರು ಎರಡೂ ಕೈಯಲ್ಲಿ ಬೆಲ್ಟು ಹಿಡಿದುಕೊಂಡರು. ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ನಗು ತಡೆದುಕೊಂಡು ಬಿಡುಗಡೆಯ ಆಜ್ಞೆ ಓದಿದರು.

ಹೊರಗೆ ನಾಯಿ ಹಿಡಿದಿದ್ದ ಪೊಲೀಸಿನವನು, “ವಕೀಲರೇ ಇಲ್ಲದೆ ಗೆದ್ದುಬಿಟ್ಟೆಯಲ್ಲಮ್ಮ!” ಎಂದ.

“ಇಲ್ಲದೆ ಏನು? ನೀವೇ ಹಿಡ್ಕೊಂಡಿದ್ದೀರಲ್ಲ,” ಎಂದು ಹೊನ್ನಮ್ಮ ಟೈಗರಿನ ತಲೆ ಸವರಿದಳು.

ವಕೀಲರ ಫೀಸು ಆ ಸಂಜೆಯೇ ಸಂದಾಯವಾಯಿತು: ಎರಡು ರಾಗಿಮುದ್ದೆ, ಮೇಲೆ ಬಾಡಿನ ಸಾರು.