ಪಿನ್ನಿನ ಬಾಲ

ನನ್ನ ಗುರುಗಳಿಗೆ ಗಡ್ಡ ಇಲ್ಲ, ಕಮಂಡಲ ಇಲ್ಲ. ಕಾಂಕ್ರೀಟ್ ಒಡೆಯುವ ಹದಿನಾರು ಕೆಜಿ ಕರೆಂಟ್ ಮಷಿನ್ ಇದೆ. ಹೆಸರು ಹೊನ್ನೂರಸಾಬ್. ಊರಿಗೆಲ್ಲ ಅವರು ಮೇಸ್ತ್ರಿ. ಬೆಣ್ಣೆ ಹಚ್ಚೋಕೆ ನಾನೊಬ್ಬನೇ "ಗುರುವೇ" ಅಂತಿದ್ದೆ.

ಹೊಳೆ ದಂಡೆಯ ಆಶ್ರಮದಲ್ಲಿ ಕೆಲಸ. ಹಳೇ ಕಲ್ಲಿನ ಮೆಟ್ಟಿಲ ಮೇಲೆ ಯಾರೋ ಪುಣ್ಯಾತ್ಮರು ಕಾಂಕ್ರೀಟ್ ಸುರಿದಿದ್ದರು. ಅದನ್ನು ಒಡೆದು ತೆಗೆಯಬೇಕು. ಅಡಿಯ ಕಲ್ಲಿಗೆ ಒಂದು ಗೀರೂ ಬೀಳಬಾರದು.

ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ. ಗುರುಗಳು ಮಷಿನ್ನಿನ ಉಳಿ ಬದಲಾಯಿಸುವಾಗ ನಾನು ಓಡಿಹೋಗಿ, ಕರೆಂಟ್ ಬೋರ್ಡಿನಿಂದ ಮಷಿನ್ನಿನ ಪಿನ್ ಕಿತ್ತು, ಅಂಗಿ ಜೇಬಿಗೆ ಹಾಕಿಕೊಂಡು ಬಂದು ನಿಲ್ಲಬೇಕು. ಇಬ್ಬರ ಕಿವಿಗೂ ಬಿರಡೆ, ಮಾತು ಕೇಳಿಸಲ್ಲ. ಅವರು ನೋಡುತ್ತಾರೆ, ನಾನು ಜೇಬು ತಟ್ಟುತ್ತೇನೆ. ತಟ್ಟಿದ ಮೇಲೇ ಅವರ ಬೆರಳು ಉಳಿ ಮುಟ್ಟೋದು.

ಎಡಗೈಯಲ್ಲಿ ಅವರಿಗೆ ಮೂರೇ ಬೆರಳು. ಉಳಿದೆರಡು ಎಲ್ಲಿ ಅಂತ ಮೊದಲ ದಿನವೇ ಕೇಳಿದ್ದೆ.

"ಒಬ್ಬನ ಜೇಬಲ್ಲಿ ಬಿಟ್ಟು ಬಂದೆ" ಅಂದಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಐದು ದಿನ ಹೋಯಿತು. ಆರಾಯಿತು. ನನ್ನ ಕೈಯೆಲ್ಲ ತುರಿಕೆ.

"ಗುರುವೇ, ಮಷಿನ್ ಯಾವಾಗ ಕೊಡ್ತೀರಿ?"

"ಮಷಿನ್ ಎಲ್ಲಿಂದ ಶುರುವಾಗುತ್ತೆ ಹೇಳು, ಕೊಡ್ತೀನಿ."

"ಉಳಿ ತುದಿಯಿಂದ."

"ಹೋಗು, ಜೇಬು ತಟ್ಟು."

ಮರುದಿನ "ಸ್ವಿಚ್ಚಿನಿಂದ" ಅಂದೆ.

"ಹೋಗು, ಜೇಬು ತಟ್ಟು."

"ನಾನೇನು ಶಿಷ್ಯನಾ, ಪಿನ್ ನೇತು ಹಾಕೋ ಮೊಳೆನಾ?"

"ಮೊಳೆ ಒಂದು ಕಡೆ ನಿಲ್ಲುತ್ತೆ. ನಿನಗೆ ಅದೂ ಬರಲ್ಲ."

ಎಂಟನೇ ದಿನ ತಲೆಯೊಳಗೆ ಹುಳ ಎದ್ದಿತು.

ಮಷಿನ್ ನಿಂತಿತು. ಗುರುಗಳು ಕೈ ಎತ್ತಿದರು. ನಾನು ಬೋರ್ಡಿನ ತನಕ ಓಡಿದೆ, ಪಿನ್ ಮಾತ್ರ ಕೀಳಲಿಲ್ಲ. ನನ್ನ ಫೋನಿನ ಚಾರ್ಜರನ್ನು ಜೇಬಿಗೆ ಹಾಕಿಕೊಂಡು ಬಂದೆ. ಅವರು ಉಳಿ ಬದಲಾಯಿಸಿ ಮುಗಿಸಲಿ, ಆಮೇಲೆ ಚಾರ್ಜರ್ ತೆಗೆದು ತೋರಿಸಿ, "ಕರೆಂಟ್ ಇದ್ದಾಗಲೇ ಕೈ ಹಾಕಿದ್ರಿ, ಏನಾಯ್ತು? ನಿಮ್ಮ ಜೇಬಿನ ಶಾಸ್ತ್ರವೆಲ್ಲ ಬುರುಡೆ!" ಅನ್ನಬೇಕು. ಅದು ನನ್ನ ಲೆಕ್ಕಾಚಾರ.

ಜೇಬು ತಟ್ಟಿದೆ.

ಗುರುಗಳು ನೋಡಿದರು. ದಿನಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದರು. ಕಿವಿಯ ಬಿರಡೆ ತೆಗೆದರು, ನಾನೂ ತೆಗೆದೆ.

"ಬಾಯಾರಿದೆ" ಅಂತ ಪಂಪ್‌ಶೆಡ್ಡಿನ ಕಡೆ ಹೋಗಿ, ಬಾಯಿ ಒರೆಸಿಕೊಳ್ಳುತ್ತಾ ಬಂದರು.

"ಬಾರೋ. ಇವತ್ತು ಉಳಿ ನೀನೇ ಬದಲಾಯಿಸು."

ಎಂಟು ದಿನ ಕಾದ ಮಾತು. ಈಗ ನಾನು ಒಂದು ಹೆಜ್ಜೆ ಹಿಂದಿಟ್ಟೆ.

"ಕೂತ್ಕೋ. ಈ ಬಳೆ ಹಿಂದಕ್ಕೆಳಿ, ಉಳಿ ಬರುತ್ತೆ. ಹೊಸದರ ಬುಡಕ್ಕೆ ಗ್ರೀಸ್ ಸವರು. ಒಳಗೆ ಕೂರಿಸಿ ಬಳೆ ಬಿಡು. ಆಮೇಲೆ ಜಗ್ಗಿ ನೋಡು, ಕಿತ್ತು ಬರಬಾರದು."

ಹೇಳುತ್ತಾ ಅವರೇ ಮಷಿನ್ನಿನ ಹಿಡಿ ಹಿಡಿದರು. ಬೆರಳು ಸ್ವಿಚ್ಚಿನ ಮೇಲೆ.

"ಗುರುವೇ, ಬೆರಳು ತೆಗೀರಿ."

"ಯಾಕೆ? ಪಿನ್ ನಿನ್ನ ಜೇಬಲ್ಲೇ ಇದೆಯಲ್ಲ."

"ಇದೆ... ಆದ್ರೂ."

"ಕೈ ಹಾಕು."

ಉಳಿ ನನ್ನ ಮೂಗಿನ ನೇರಕ್ಕಿತ್ತು.

"ಬೇಡ! ಪಿನ್ ಬೋರ್ಡಲ್ಲೇ ಇದೆ! ಇದು ಚಾರ್ಜರ್!"

ಗುರುಗಳು ಸ್ವಿಚ್ ಒತ್ತಿಯೇ ಬಿಟ್ಟರು. ನಾನು ಹಿಂದಕ್ಕೆ ಹಾರಿ ಕಾಂಕ್ರೀಟ್ ಪುಡಿಯ ಗುಡ್ಡೆಯಲ್ಲಿ ಅಂಗಾತ ಬಿದ್ದೆ. ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗೆ ಎದ್ದೆ.

ಮಷಿನ್ ಕಮಕ್ ಕಿಮಕ್ ಅನ್ನಲಿಲ್ಲ.

ಅವರು ಜೇಬಿನಿಂದ ಬಿಳೀ ಫ್ಯೂಸ್ ತೆಗೆದು ತೋರಿಸಿದರು. ಪಂಪ್‌ಶೆಡ್ಡಿನದು. ನಮ್ಮ ಬೋರ್ಡಿಗೆ ಕರೆಂಟ್ ಬರೋದೇ ಅಲ್ಲಿಂದ.

"ಹೆಂಗೆ ಗೊತ್ತಾಯ್ತು?"

"ಪಿನ್ನಿಗೆ ಬಾಲ ಇರುತ್ತೆ ಕಣೋ. ಜೇಬಿಂದ ವೈರ್ ಇಳಿಬಿದ್ದಿರಬೇಕು. ನಿನ್ನ ಪಿನ್ ಬೋಳು."

"ತಮಾಷೆಗೆ ಮಾಡಿದೆ, ಗುರುವೇ."

ಅವರು ಎಡಗೈ ಎತ್ತಿ ಮೂರು ಬೆರಳು ಆಡಿಸಿದರು.

"ಆ ಜೇಬಿನವನೂ ತಮಾಷೆಗಾರನೇ."

ಈ ಸಲ ನಗು ಬರಲಿಲ್ಲ.

"ನನ್ನ ಓಡಿಸ್ತೀರಾ?"

ಗುರುಗಳು ತಾವೇ ಹೋಗಿ ಫ್ಯೂಸ್ ಹಾಕಿ ಬಂದರು. ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂತರು.

"ಪಿನ್ ಈಗ ನನ್ನ ಹತ್ರ. ಉಳಿ ಬದಲಾಯಿಸು" ಅಂದು ಉಬ್ಬಿದ ಜೇಬು ತಟ್ಟಿದರು.

ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ ಅವಸರದಲ್ಲೇ ಕೈ ಚಾಚಿದೆ. ಇನ್ನೇನು ಬಳೆ ಮುಟ್ಟಬೇಕು, ನಿಂತೆ. ಅವರ ಜೇಬು ನೋಡಿದೆ.

"ಗುರುವೇ, ಬಾಲ ಎಲ್ಲಿ?"

"ನನ್ನ ಮೇಲೇ ಅನುಮಾನವಾ?"

"ಬಯ್ಯಿರಿ, ಓಡಿಸಿ. ಬಾಲ ಕಾಣೋವರೆಗೂ ನಾನು ಮುಟ್ಟಲ್ಲ."

ಗುರುಗಳು ಜೇಬಿಂದ ಸೀಬೆಹಣ್ಣು ತೆಗೆದು ಕಚ್ಚಿದರು. ಕೂತಲ್ಲಿಂದ ಎದ್ದರು. ಟವೆಲ್ಲಿನ ಅಡಿಯಿಂದ ಪಿನ್ ಹೊರಬಂತು, ವೈರಿನ ಸಮೇತ. ಅದನ್ನು ಜೇಬಿಗೆ ಹಾಕಿಕೊಂಡರು. ಬಾಲ ಮೊಣಕಾಲಿನ ತನಕ ನೇತಾಡಿತು.

ನಾನು ಉಳಿ ಕೂರಿಸಿದೆ. ಜಗ್ಗಿದೆ. ಬರಲಿಲ್ಲ. ಇನ್ನೊಮ್ಮೆ ಜಗ್ಗಿದೆ.

"ಎರಡೂ ಕೈಯಲ್ಲಿ ಹಿಡಿ. ಕಾಲು ಅಗಲಿಸು. ಮೇಲೆ ಬಿದ್ದು ನೂಕಬೇಡ, ತನ್ನ ಭಾರಕ್ಕೇ ಅದು ಇಳಿಯುತ್ತೆ. ಅಡಿಯ ಕಲ್ಲು ಸಿಕ್ಕರೆ ಅಂಗೈಗೆ ಬೇರೆ ಥರ ತಾಗುತ್ತೆ. ಆಗ ಬಿಟ್ಟುಬಿಡು."

ತಮ್ಮ ಕನ್ನಡಕ ಒರೆಸಿ ನನ್ನ ಕಣ್ಣಿಗೆ ಹಾಕಿದರು. ಹೋಗಿ ಪಿನ್ ಸಿಕ್ಕಿಸಿ ಬಂದರು.

ಖಾಲಿಯಾದ ಅವರ ಜೇಬು ನೋಡಿದೆ, ಥಟ್ಟನೆ ಹೊಳೆಯಿತು.

"ಗುರುವೇ! ಮಷಿನ್ ಶುರುವಾಗೋದು..."

ಧೂಳಿನ ಮಾಸ್ಕು ನನ್ನ ಬಾಯಿಗೆ ಎಳೆದು ಕಟ್ಟಿದರು.

"ಹೇಳಬೇಡ. ಶುರು ಮಾಡು."