ಮರಳಿಗಿಳಿದ ಅಕ್ಕಿ

“ಗುರುಗಳೇ, ಬೆಲೆ ಕಟ್ಟುವವನು ಕಡಲಾಚೆ ಕೂತಿರುವಾಗ ಬೆಳೆದವನು ತಲೆ ಬಾಗಿಸದೆ ಇನ್ನೇನು ಮಾಡಬಲ್ಲ?” ಎಂದು ಶಿಷ್ಯ ಕಲ್ಲಯ್ಯ ಕೇಳಿದ. ಅವನ ಮನೆಯವರು ಗೋವಿನಜೋಳ ಬೆಳೆಯುವವರು. ಪರದೇಶಕ್ಕೆ ಎಷ್ಟು ಧಾನ್ಯ ಹೋಯಿತೆಂಬ ಸುದ್ದಿ ವಾರವಾರವೂ ಬರುತ್ತಿತ್ತು. ಈ ವಾರ ಹೋದದ್ದು ಕಡಿಮೆ ಎಂದು ಕೇಳಿದ್ದೇ ತಡ, ಊರ ಮಾರುಕಟ್ಟೆಯಲ್ಲಿ ಬೆಲೆ ಕುಸಿದಿತ್ತು.

ಗುರುಗಳು ಹೇಳತೊಡಗಿದರು.

ಕಡಲತೀರದ ಊರೊಂದರಲ್ಲಿ ಒಬ್ಬ ರೈತನಿದ್ದ. ಆ ಊರಿನ ಅಕ್ಕಿ ಪ್ರತಿ ವರ್ಷವೂ ಹಡಗು ಹತ್ತಿ ಪರದೇಶದ ಬಂದರಿಗೆ ಹೋಗುತ್ತಿತ್ತು. ಹಡಗು ನಡೆಸುವ ತಂಡೇಲ ಹಿಂದಿರುಗಿದಾಗಲೆಲ್ಲ ಅಲ್ಲಿ ಬೆಲೆ ಬಿದ್ದಿದೆ ಎನ್ನುತ್ತಿದ್ದ. ಕೇಳಿ ಕೇಳಿ ಸಾಕಾಗಿ, ಒಂದು ವರ್ಷ ರೈತ ಊರಿನವರೆಲ್ಲರ ಅಕ್ಕಿಯೊಂದಿಗೆ ತಾನೇ ಹಡಗು ಹತ್ತಿದ.

ಬಂದರಿನಲ್ಲಿ ವರ್ತಕರು ಒಟ್ಟಾಗಿ ಬಂದರು. ಈ ವಾರ ಹಡಗಿನ ಮೇಲೆ ಹಡಗು ಬಂದಿದೆ, ಉಗ್ರಾಣದಲ್ಲಿ ಜಾಗವಿಲ್ಲ, ಅರ್ಧ ಬೆಲೆಗಾದರೆ ಕೊಡು ಎಂದು ಅವರು ಹೇಳಿದ್ದನ್ನು ತಂಡೇಲ ರೈತನ ಮಾತಿನಲ್ಲಿ ತಿಳಿಸಿದ. ಮಳೆಗಾಲ ಹತ್ತಿರವಾಗಿತ್ತು. ಬೇಗ ಹೊರಡದಿದ್ದರೆ ಕಡಲು ಮುಚ್ಚುತ್ತದೆ, ಕೊಟ್ಟು ಕೈತೊಳೆದುಕೋ ಎಂದು ತಂಡೇಲನೂ ಒತ್ತಾಯಿಸಿದ.

ರೈತ ತಾನೇ ಬೆಲೆ ನೋಡಿಬರಲು ಪೇಟೆಗೆ ಹೋದ. ಅದೇ ವರ್ತಕರ ಅಂಗಡಿಯ ಮುಂದೆ ಹೆಂಗಸೊಬ್ಬಳು ಕೈಯ ಬೆಳ್ಳಿ ಬಳೆ ಬಿಚ್ಚಿಕೊಟ್ಟು, ಬಟ್ಟೆಯ ತುದಿಯಲ್ಲಿ ಹಿಡಿಯುವಷ್ಟು ಅಕ್ಕಿ ಕಟ್ಟಿಕೊಂಡು ಹೋಗುವುದನ್ನು ಕಂಡ. ಅವನ ಮೈ ಉರಿಯಿತು. ಮರಳಿ ಬಂದು, ಆ ಬೆಲೆಗೆ ಕೊಡುವುದಿಲ್ಲ ಎಂದ.

“ನಾಳೆ ಹಡಗು ಹೋಗುತ್ತದೆ. ಆಮೇಲೆ ನೀನೇ ಬಂದು ನಮ್ಮ ಕಾಲು ಹಿಡಿಯುತ್ತೀಯೆ” ಎಂದು ಒಬ್ಬ ವರ್ತಕ ನಕ್ಕ.

“ಹಡಗು ಹೋಗಲಿ” ಎಂದ ರೈತ. “ನಾನು ಇಲ್ಲೇ ಇರುತ್ತೇನೆ.”

ತಂಡೇಲ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮುಡಿಗಳನ್ನು ಮರಳಿನ ಮೇಲೆ ಇಳಿಸಿ ಹೊರಟುಹೋದ. ಹಡಗು ಕಣ್ಮರೆಯಾದಾಗ ರೈತನಿಗೆ ಅಳು ಬಂತು. ಅಲ್ಲಿಯ ಮಾತು ಅವನಿಗೆ ಬಾರದು. ಆ ಅಕ್ಕಿ ಕೆಟ್ಟಿದೆ, ತಿಂದವರು ಸಾಯುತ್ತಾರೆ ಎಂದು ವರ್ತಕರು ಪೇಟೆಯಲ್ಲೆಲ್ಲ ಸುದ್ದಿ ಹಬ್ಬಿಸಿದರು. ಜನ ದೂರದಲ್ಲಿ ನಿಂತು ನೋಡಿದರೇ ಹೊರತು ಹತ್ತಿರ ಬರಲಿಲ್ಲ.

ರೈತ ಕಲ್ಲು ಹೂಡಿ ಒಲೆ ಹಚ್ಚಿದ. ಎಲ್ಲರೂ ನೋಡುವಂತೆ ಮುಡಿ ಬಿಚ್ಚಿ, ಅನ್ನ ಮಾಡಿ ಉಂಡ. ಮರುದಿನವೂ ಉಂಡ. ಅವನಿಗೇನೂ ಆಗಲಿಲ್ಲ. ಮೀನುಗಾರನೊಬ್ಬ ಬಂದು ಎದುರಿಗೆ ಕೂತ, ರೈತ ಅವನಿಗೂ ಬಡಿಸಿದ. ಆಮೇಲೆ ಅವನ ಮನೆಯವರು ಬಂದರು, ಆಮೇಲೆ ಬೀದಿಗೆ ಬೀದಿಯೇ ಬಂತು. ಮಳೆ ಹಿಡಿಯುವ ಮುಂಚೆ ಮುಡಿಗಳನ್ನು ಮೀನುಗಾರನ ಮನೆಯೊಳಗೆ ಸೇರಿಸಿದರು. ವರ್ತಕರು ಕೊಡುತ್ತೇವೆಂದದ್ದಕ್ಕಿಂತ ಹೆಚ್ಚಿಗೆ, ಅವರು ಮಾರುತ್ತಿದ್ದುದಕ್ಕಿಂತ ಕಡಿಮೆಗೆ ರೈತ ಅಳೆದು ಕೊಟ್ಟ. ಮಳೆಗಾಲ ಕಳೆದು ಕಡಲು ತೆರೆಯುವ ಹೊತ್ತಿಗೆ ಒಂದು ಕಾಳೂ ಉಳಿದಿರಲಿಲ್ಲ. ಊರಿಗೆ ಬಂದು ಎಲ್ಲರಿಗೂ ಅವರವರ ಪಾಲು ಒಪ್ಪಿಸಿದ.

“ಅವನ ಗದ್ದೆಯನ್ನು ಯಾರು ನೋಡಿಕೊಂಡರು?” ಎಂದ ಕಲ್ಲಯ್ಯ.

“ಯಾರೂ ಇಲ್ಲ. ಹಡಗು ಹಣವಿಲ್ಲದೆ ಬರಿದೇ ಬಂದ ಸಿಟ್ಟಿಗೆ ಊರಿನವರು ಅವನ ಗದ್ದೆಗೆ ನೇಗಿಲು ಹೂಡಲಿಲ್ಲ. ಆ ವರ್ಷ ಬೀಳು ಬಿತ್ತು.”

“ಹಾಗಾದರೆ ಅವನಿಗೆ ದಕ್ಕಿದ್ದೇನು?”

“ಮರುವರ್ಷ ಆ ವರ್ತಕರೇ ಕಡಲು ದಾಟಿ ಅವನ ಅಂಗಳಕ್ಕೆ ಬಂದು, ನಿನ್ನ ಬೆಲೆ ಎಷ್ಟು ಎಂದು ಕೇಳಿದರು” ಎಂದರು ಗುರುಗಳು.