ಪೊಟರೆ ನೆಲಕ್ಕಾದ ದಿಮ್ಮಿ

ಮಕ್ಕಳೇ, ನಾನು ಮರದ ಕೆಲಸದ ಕೂಲಿ, ನನಗೆ ಕಥೆ ಹೇಳೋಕೆ ಸರಿಯಾಗಿ ಬರಲ್ಲ. ಕೆಟ್ಟದಾಗಿ ಹೇಳಿದರೆ ಬೈಯಬೇಡಿ. ಅರ್ಥವಾಗದಿದ್ದರೆ ತಪ್ಪು ನನ್ನದು, ಅಳಿಲಿನದಲ್ಲ.

ಒಂದು ಅಳಿಲಿತ್ತು. ಅದಕ್ಕೊಂದು ಮರಿ. ಮರಿ ಮರದ ಪೊಟರೆಯಲ್ಲಿ ಮಲಗಿತ್ತು. ಪೊಟರೆ ಅಂದರೆ ಮರದೊಳಗಿನ ತೂತು, ಗೂಡಿನ ಹಾಗೆ. ಅಳಿಲು ಕಾಯಿ ತಿನ್ನೋಕೆ ಹೋಯಿತು. ಬರುವಷ್ಟರಲ್ಲಿ ಮರವಿಲ್ಲ. ಮರ ದಿಮ್ಮಿಯಾಗಿತ್ತು. ದಿಮ್ಮಿ ಅಂದರೆ ಕೊಂಬೆಯೆಲ್ಲ ಸವರಿದ ಮರ. ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಯಾರಿಗೋ ಮನೆ ಕಟ್ಟುತ್ತಿದ್ದರು. ಈ ದಿಮ್ಮಿ ಇನ್ನೂ ಪೇರಿಸದೆ ನೆಲದ ಮೇಲಿತ್ತು, ಪೊಟರೆಯ ಬಾಯಿ ನೆಲಕ್ಕೆ ಒತ್ತಿತ್ತು. ಒಳಗೆ ಮರಿ ಚಿಂವ್ ಚಿಂವ್ ಅನ್ನುತ್ತಿತ್ತು.

ಅಳಿಲು ಬಡಗಿ ಮೌನೇಶಾಚಾರಿಯ ಹತ್ತಿರ ಹೋಯಿತು.

"ಆಚಾರ್ರೇ, ದಿಮ್ಮಿ ಹೊರಳಿಸಿ. ಹೊರಳಿಸಿದರೆ ನನ್ನ ಮರಿ ಸಿಗುತ್ತೆ."

"ಮೇಲಿನ ಮೈ ನಯವಾಗದೆ ಹೊರಳಿಸಲ್ಲ. ಪ್ಲೇನರ್ ಹೆರೀತಿಲ್ಲ. ಅದನ್ನೇ ಕೇಳು, ಹೋಗು."

ಪ್ಲೇನರ್ ಅಂದರೆ ಕರೆಂಟಿನ ತೋಪಡ, ಮರ ಹೆರೆದು ನಯ ಮಾಡುವ ಮಷೀನು. ಅಳಿಲು ಅದರ ಹತ್ತಿರ ಹೋಯಿತು.

"ಪ್ಲೇನರಣ್ಣ, ಮರ ಹೆರೆ. ನೀನು ಹೆರೆದರೆ ಆಚಾರ್ರು ದಿಮ್ಮಿ ಹೊರಳಿಸ್ತಾರೆ. ಹೊರಳಿಸಿದರೆ ನನ್ನ ಮರಿ ಸಿಗುತ್ತೆ."

"ಹೆರೆಯೋದು ನನ್ನ ಹೊಟ್ಟೆಯಲ್ಲಿರೋ ಅಲಗುಗಳು. ನಾನು ಬರೀ ಕೂಗೋನು. ಅವುಗಳನ್ನ ಕೇಳು, ಹೋಗು."

"ಅಲಗಣ್ಣಂದಿರೇ, ಮರ ಕಚ್ಚಿ. ನೀವು ಕಚ್ಚಿದರೆ ಪ್ಲೇನರ್ ಹೆರೆಯುತ್ತೆ. ಹೆರೆದರೆ ಆಚಾರ್ರು ದಿಮ್ಮಿ ಹೊರಳಿಸ್ತಾರೆ. ಹೊರಳಿಸಿದರೆ ನನ್ನ ಮರಿ ಸಿಗುತ್ತೆ."

ದೊಡ್ಡ ಅಲಗು ಹೇಳಿತು: "ನಾವು ಜೋಡಿ. ಆಚಾರಿ ಅವಸರಕ್ಕೆ ಇವನೊಬ್ಬನಿಗೇ ಸಾಣೆ ಹಿಡಿದ. ಇವನು ಸವೆದು ಗಿಡ್ಡನಾದ. ಹರಿತ ಇದ್ದಾನೆ, ಮರಕ್ಕೆ ಎಟುಕಲ್ಲ. ನಾನು ಎಟುಕ್ತೀನಿ, ಆದರೆ ಮೊಂಡ. ಸಾಣೆಕಲ್ಲನ್ನ ಕೇಳು, ಹೋಗು."

"ಸಾಣೆಕಲ್ಲಣ್ಣ, ಅಲಗು ಮಸೆ. ನೀನು ಮಸೆದರೆ ಅಲಗು ಕಚ್ಚುತ್ತೆ. ಕಚ್ಚಿದರೆ ಪ್ಲೇನರ್ ಹೆರೆಯುತ್ತೆ. ಹೆರೆದರೆ ಆಚಾರ್ರು ದಿಮ್ಮಿ ಹೊರಳಿಸ್ತಾರೆ. ಹೊರಳಿಸಿದರೆ ನನ್ನ ಮರಿ ಸಿಗುತ್ತೆ."

"ಒಣಗಿದ್ದೀನಿ. ನೀರಿಲ್ಲದೆ ಮಸೆಯಲ್ಲ. ನೀರು ಹೊರೋ ದೇವೀರಮ್ಮನ್ನ ಕೇಳು, ಹೋಗು."

ಚಿಂವ್ ಚಿಂವ್ ಈಗ ಸಣ್ಣದಾಗಿತ್ತು. ಸಣ್ಣದು ಅಂದರೆ, ಕಿವಿಯಿಟ್ಟರೆ ಮಾತ್ರ ಕೇಳುವಷ್ಟು.

"ದೇವೀರಕ್ಕ, ನೀರು ಹೊಯ್ಯಿ. ನೀನು ಹೊಯ್ದರೆ ಕಲ್ಲು ಮಸೆಯುತ್ತೆ. ಮಸೆದರೆ ಅಲಗು ಕಚ್ಚುತ್ತೆ. ಕಚ್ಚಿದರೆ ಪ್ಲೇನರ್ ಹೆರೆಯುತ್ತೆ. ಹೆರೆದರೆ ಆಚಾರ್ರು ದಿಮ್ಮಿ ಹೊರಳಿಸ್ತಾರೆ. ಹೊರಳಿಸಿದರೆ ನನ್ನ ಮರಿ ಸಿಗುತ್ತೆ."

ದೇವೀರಮ್ಮನ ಕೂಸು ಬಿಸಿಲಲ್ಲಿ ಮಲಗಿತ್ತು.

"ಆ ಮರದ ಕೊಂಬೆಗೇ ನನ್ನ ಕೂಸನ್ನ ತೂಗೋ ಜೋಳಿಗೆ ಕಟ್ತಿದ್ದೆ," ಅಂದಳು. "ಕಡಿಯುವಾಗ ನಿನ್ನನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ನೀರು ತಾನೆ, ತಗೋ."

ದೇವೀರಮ್ಮ ನೀರು ಹೊಯ್ದಳು. ಹೊಯ್ದದ್ದಕ್ಕೆ ಕಲ್ಲು ಮಸೆಯಿತು, ಎರಡೂ ಅಲಗನ್ನು, ಸರಿಸಮ. ಆಚಾರಿ ಪ್ಲಗ್ ಕಿತ್ತು ಅಲಗು ಕೂರಿಸಿದ. ಪ್ಲಗ್ ಕೀಳದೆ ಅಲಗು ಮುಟ್ಟಿದರೆ ಬೆರಳು ಹೋಗುತ್ತೆ, ಅದಕ್ಕೆ ಹೇಳಿದೆ. ಮಸೆದದ್ದಕ್ಕೆ ಅಲಗು ಕಚ್ಚಿತು. ಕಚ್ಚಿದ್ದಕ್ಕೆ ಪ್ಲೇನರ್ ಹೆರೆಯಿತು. ಹೆರೆದದ್ದಕ್ಕೆ ಆಚಾರಿ ದಿಮ್ಮಿ ಹೊರಳಿಸಿದ. ಹೊರಳಿಸಿದ್ದಕ್ಕೆ ಅಳಿಲಿಗೆ ಮರಿ ಸಿಕ್ಕಿತು.

ಮರಿ ನಡುಗುತ್ತಿತ್ತು. ಅಳಿಲು ಹಾಲೂಡಿಸಿತು.

"ಸಿಕ್ತಲ್ಲ, ಜಾಗ ಬಿಡು," ಅಂದ ಆಚಾರಿ. ಪೊಟರೆಗೆ ಬೆಣೆ ಹೊಡೆದು ಮುಚ್ಚಿದ. ಗೋಡೆಯಲ್ಲಿ ತೂತಿರಬಾರದಲ್ಲ, ಅದಕ್ಕೆ.

"ಎಲ್ಲಿಗೆ ಹೋಗಲಿ, ಆಚಾರ್ರೇ?"

"ಕಾಡಿಲ್ವಾ?"

ಅಳಿಲು ಮರಿಯನ್ನು ಕಚ್ಚಿಕೊಂಡು ಹೋಯಿತು. ಆಚೆ ಇನ್ನೊಂದು ಮರವಿತ್ತು. ಅದರಲ್ಲೂ ಒಂದು ಪೊಟರೆ. ಮರಿಯನ್ನು ಅಲ್ಲಿ ಮಲಗಿಸಿತು. ಆ ಮರ ಎಂಥದ್ದು ಅಂದರೆ, ನೆಟ್ಟಗೆ, ದಪ್ಪಗೆ, ಗಂಟಿಲ್ಲದ್ದು. ಗಂಟಿಲ್ಲದ್ದು ಅಂದರೆ...

ಇರಿ, ಮೇಸ್ತ್ರಿ ಕರೀತಿದ್ದಾರೆ. ಇನ್ನೊಂದು ದಿಮ್ಮಿ ಬೇಕಂತೆ, ಆಚೆಯ ಆ ಮರ ಉರುಳಿಸೋಕೆ ಹಗ್ಗ ತರಬೇಕಂತೆ.

ಬಂದೆ, ಮೇಸ್ತ್ರಿ. ಗಂಟಿಲ್ಲದ್ದು ಅಂದರೆ, ಮಕ್ಕಳೇ,